ಮೂರು ಕ್ಯಾಂಡಲಿನ ಲೆಕ್ಕ



ಸಾಫ್ಟ್‌ವೇರ್ ಬಗ್ಗೆ ಮಾತಾಡು ಎಂದು ಸಮಿತಿಯವರು ಹೇಳಿದ್ದರು. ಕ್ಷಮಿಸಬೇಕು, ನಾನು ಕ್ಯಾಂಡಲಿನ ಬಗ್ಗೆ ಮಾತಾಡುತ್ತೇನೆ.

2004ನೇ ಇಸವಿ, ಒಂಬತ್ತನೇ ತರಗತಿ, ದಹನದ ಪಾಠ. ಬೆಂಕಿಯೇನೂ ನಮಗೆ ಹೊಸತಲ್ಲ. ಬೆಳಿಗ್ಗೆ ಬಚ್ಚಲೊಲೆಗೆ ಮಡಲು, ಗೆರಟೆ ತುರುಕಿ, ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡೇ ಶಾಲೆಗೆ ಬರುತ್ತಿದ್ದವರು ನಾವು. ಟೀಚರ್ ಬಟ್ಟಲಿಗೆ ನೀರು ಹಾಕಿ, ನಡುವೆ ಕ್ಯಾಂಡಲ್ ಹೊತ್ತಿಸಿ, ಮೇಲೆ ಗಾಜಿನ ಲೋಟ ಕವುಚಿ ಹಾಕಿದರು. ಕ್ಯಾಂಡಲ್ ಆರಿತು, ಲೋಟದೊಳಗೆ ನೀರು ಏರಿತು. ಗಾಳಿಯಲ್ಲಿ ಐದರಲ್ಲೊಂದು ಪಾಲು ಆಮ್ಲಜನಕ, ಅದು ಮುಗಿಯಿತು, ಆ ಜಾಗಕ್ಕೆ ನೀರು ಬಂತು ಎಂದು ಬರೆಸಿದರು. ಬರೆದೆವು.

ಬೆಳ್ತಂಗಡಿ ಬಸ್ಸಿನಲ್ಲಿ ಬರುತ್ತಿದ್ದ ಹಿಂದಿನ ಬೆಂಚಿನ ಹುಡುಗ ಎದ್ದುನಿಂತ. (ನಾನಲ್ಲ, ನಾನು ಮುಂದಿನ ಬೆಂಚಿನ ಪಾಪದವ.) "ಟೀಚರ್, ಕ್ಯಾಂಡಲ್ ಉರಿಯುವಾಗ ನೀರು ಏರಲೇ ಇಲ್ಲ. ಆರಿದ ಮೇಲೆ ಒಮ್ಮೆಲೇ ಏರಿದ್ದು, ಯಾಕೆ?" ಕ್ಲಾಸಿಡೀ ನಕ್ಕಿತು. ಟೀಚರ್ ನಗಲಿಲ್ಲ. "ನನಗೆ ಗೊತ್ತಿಲ್ಲ ಮಾರಾಯ, ನಾಳೆ ನೋಡುವ" ಎಂದರು.

ರಾತ್ರಿ ಮನೆಯಲ್ಲಿ ಮಾಡಿ ನೋಡಿದರಂತೆ. ಮರುದಿನ ಅದೇ ಲೋಟ, ಮೂರು ಕ್ಯಾಂಡಲ್. ಲೋಟ ಅದೇ ಆದ ಮೇಲೆ ಒಳಗಿನ ಆಮ್ಲಜನಕವೂ ಅಷ್ಟೇ. ನೀರೂ ನಿನ್ನೆಯಷ್ಟೇ ಏರಬೇಕಿತ್ತು. ಏರಿದ್ದು ಅದಕ್ಕಿಂತ ಎಷ್ಟೋ ಮೇಲೆ. ಕವುಚುವಾಗ ಲೋಟದ ಅಂಚಿನಿಂದ ಗುಳ್ಳೆ ಹೊರಬಿದ್ದದ್ದನ್ನೂ ಈ ಸಲ ಕಂಡೆವು. ಬಿಸಿಗೆ ಗಾಳಿ ಹಿಗ್ಗಿ ಸ್ವಲ್ಪ ಹೊರಗೆ ಹೋಗುತ್ತದೆ. ಜ್ವಾಲೆ ಆರಿದಾಗ ಉಳಿದದ್ದು ತಣಿದು ಕುಗ್ಗುತ್ತದೆ, ಹೊರಗಿನ ಗಾಳಿಯ ಒತ್ತಡ ನೀರನ್ನು ಒಳಗೆ ನೂಕುತ್ತದೆ. ಆಮ್ಲಜನಕ ಖರ್ಚಾಗುವುದು ನಿಜವೇ. ಆದರೆ ಅದರ ಬದಲಿಗೆ ಇಂಗಾಲದ ಡೈಆಕ್ಸೈಡ್, ನೀರಾವಿ ಹುಟ್ಟುತ್ತವೆ. ಮತ್ತೆ, ಅದು ಪೂರ್ತಿ ಮುಗಿಯುವುದೂ ಇಲ್ಲ. ಗಾಳಿಯಲ್ಲಿ ಶೇಕಡಾ 21 ಇದ್ದದ್ದು ಸುಮಾರು 16ಕ್ಕೆ ಇಳಿದಾಗಲೇ ಕ್ಯಾಂಡಲ್ ಆರುತ್ತದೆ. ಇದು ನಾನು ಆಮೇಲೆ ಓದಿ ತಿಳಿದದ್ದು.

ಟೀಚರ್ ನಿನ್ನೆಯ ವಾಕ್ಯವನ್ನು ಬೋರ್ಡಿನಲ್ಲಿ ಬರೆದು, ಅದರ ಮೇಲೆ ಗೆರೆ ಎಳೆದರು. "ಇಷ್ಟು ವರ್ಷ ನಾನು ತಪ್ಪು ಹೇಳಿಕೊಟ್ಟೆ" ಎಂದರು, ನಲವತ್ತು ಮಕ್ಕಳ ಎದುರು.

ಆದರೂ ಪರೀಕ್ಷೆಯಲ್ಲಿ ಮಾರ್ಕಿನ ಆಸೆಗೆ ನಾನು ಹಳೇ ಉತ್ತರವನ್ನೇ ಬರೆದೆ. ಎರಡಕ್ಕೆ ಎರಡು ಕೊಟ್ಟು, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ "ನೀನು ಕಂಡದ್ದೇನು?" ಎಂದು ಬರೆದಿದ್ದರು.

ಮೂಡುಬಿದಿರೆಯಲ್ಲಿ ಪಿಯುಸಿ, ಆಮೇಲೆ ಬಿ.ಇ., ಬೆಂಗಳೂರಲ್ಲಿ ಕೆಲಸ. ಒಮ್ಮೆ ನನ್ನ ಪ್ರೋಗ್ರಾಮ್ ತಪ್ಪು ಲೆಕ್ಕ ಕೊಡುತ್ತಿದೆ ಎಂದ ಹೊಸ ಹುಡುಗಿಯ ಬಾಯಿ ಮುಚ್ಚಿಸಿದ್ದೆ. ರಾತ್ರಿ ಆ ಕೆಂಪು ಶಾಯಿ ನೆನಪಾಗಿ ನಿದ್ದೆ ಬರಲಿಲ್ಲ. ಮರುದಿನ ಮೀಟಿಂಗಿನಲ್ಲಿ ತಪ್ಪು ನನ್ನದೇ ಎಂದೆ.

ಟೀಚರ್ ಇಲ್ಲೇ ಎದುರು ಕೂತಿದ್ದಾರೆ. ಬಿಸಿಯೂಟದ ಕೋಣೆಯಿಂದ ಬಟ್ಟಲು ತಂದಿದ್ದೇನೆ, ಕ್ಯಾಂಡಲ್ ಬಂಟ್ವಾಳ ಪೇಟೆಯದು. ಆ ಫ್ಯಾನ್ ಸ್ವಲ್ಪ ಬಂದ್ ಮಾಡಿ. ಎಂಟನೆಯ ಮಕ್ಕಳೇ, ಮುಂದೆ ಬನ್ನಿ. ನೀರು ಎಲ್ಲಿವರೆಗೆ ಏರಬಹುದೆಂದು ಮೊದಲು ಲೋಟದ ಮೇಲೆ ಗೆರೆ ಹಾಕಿ.