ಎರಡು ತಪಾಸಣೆಗಳ ನಡುವೆ
(ಶಾಲಾ ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)



ತಕ್ಕಡಿಗೆ, ತೂಕದ ಕಲ್ಲಿಗೆ ಮುದ್ರೆ ನೋಡಲು ಇನ್ಸ್‌ಪೆಕ್ಟರು ಬರುವ ದಿನ ಅಂಗಡಿ ಹೇಗಿರುತ್ತದೆಂಬುದು ನಮ್ಮಲ್ಲಿನ ವ್ಯಾಪಾರಸ್ಥರಿಗೆ ಗೊತ್ತು. ಮಗ್ಗದಲ್ಲಿ ಎಳೆ ಪದೇ ಪದೇ ಹರಿಯುವಾಗ ಜಾಬರನು ಬಂದು, ಬೈಯದೆ, ಪಕ್ಕದಲ್ಲಿ ನಿಂತು ಸರಿಮಾಡಿಕೊಟ್ಟರೆ ಎಷ್ಟು ಹಗುರವೆಂಬುದು ಗಿರಣಿಯವರಿಗೆ ಗೊತ್ತು. ನಮ್ಮ ಮಕ್ಕಳು ಓದುವ ಸರ್ಕಾರಿ ಶಾಲೆಗೆ ಈ ಎರಡೂ ಬೇಕು. ಸಿಗುತ್ತಿರುವುದು ಬಹುಮಟ್ಟಿಗೆ ಮೊದಲನೆಯದೇ.

ಇದು ಹೊಸ ಮಾತೇನಲ್ಲ. ಆಡಳಿತದ ಕೆಲಸವನ್ನೂ ಉಪಾಧ್ಯಾಯರಿಗೆ ಮಾರ್ಗದರ್ಶನ ಮಾಡುವ ಕೆಲಸವನ್ನೂ ಬೇರ್ಪಡಿಸಬೇಕೆಂದು 1964-66ರ ಕೊಠಾರಿ ಆಯೋಗವೇ ಹೇಳಿತ್ತು. 1994ರಲ್ಲಿ ಆರಂಭವಾದ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ, ಆಮೇಲೆ 2001ರ ಸರ್ವ ಶಿಕ್ಷಣ ಅಭಿಯಾನ, ಇವು ಅಕ್ಕಪಕ್ಕದ ಶಾಲೆಗಳನ್ನು ಒಂದು ಕ್ಲಸ್ಟರ್ ಮಾಡಿ ಅದಕ್ಕೊಬ್ಬ ಸಂಪನ್ಮೂಲ ವ್ಯಕ್ತಿಯನ್ನು ಕೊಟ್ಟವು. ಸಿ.ಆರ್.ಪಿ. ಎಂದು ಕರೆಯುವುದು ಇವರನ್ನೇ. ಉಪಾಧ್ಯಾಯರ ನಡುವಿನಿಂದಲೇ ಆಯ್ದು ಬಂದವರು. ಪಾಠಕ್ಕೆ ನೆರವಾಗುವುದು ಅವರ ಹುದ್ದೆಯ ಉದ್ದೇಶ.

ನೆರವು ಎಂಥದು? ನಲಿ-ಕಲಿ ತರಗತಿಯನ್ನೇ ನೋಡಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ಈ ಪದ್ಧತಿಯಲ್ಲಿ ಒಂದು, ಎರಡು, ಮೂರನೆಯ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗುಂಪಾಗಿ ನೆಲದ ಮೇಲೆ ಕುಳಿತು ಕಾರ್ಡುಗಳಿಂದ ಕಲಿಯುತ್ತಾರೆ. ಗದ್ದಲ ಇದ್ದೇ ಇರುತ್ತದೆ. ಬಾಗಿಲಲ್ಲಿ ನಿಂತು ನೋಡಿ ಹೋಗುವ ಅಧಿಕಾರಿಗೆ ಶಿಸ್ತಿಲ್ಲವೆಂದು ತೋರೀತು. ಗುಂಪಿನಲ್ಲಿ ಅರ್ಧ ಗಂಟೆ ಕುಳಿತವರಿಗೆ ಯಾವ ಮಗು ನಾಲ್ಕು ದಿನದಿಂದ ಒಂದೇ ಕಾರ್ಡು ಹಿಡಿದು ಕೂತಿದೆಯೆಂಬುದು ಕಾಣುತ್ತದೆ. ಕಂಡದ್ದನ್ನು ಉಪಾಧ್ಯಾಯಿನಿಯೊಡನೆ ಮಾತಾಡಿ, ಒಂದು ಪಾಠವನ್ನು ತಾವೇ ಮಾಡಿ ತೋರಿಸಿ, ಹದಿನೈದು ದಿನದ ಮೇಲೆ ಮತ್ತೆ ಬಂದು ಆ ಮಗುವನ್ನೇ ವಿಚಾರಿಸಬೇಕು. ಮತ್ತೆ ಬರುವುದೇ ಇಲ್ಲಿ ಮುಖ್ಯ.

ಆದರೆ ಹಾಲೆಷ್ಟು, ಮೊಟ್ಟೆಯೆಷ್ಟು, ಸಮವಸ್ತ್ರವೆಷ್ಟು, ದಾಖಲಾತಿಯೆಷ್ಟು ಎಂದು ಲೆಕ್ಕ ಕೂಡಿಸಿ ಮೇಲಕ್ಕೆ ಕಳಿಸುವುದರಲ್ಲೇ ಇವರ ದಿನ ಮುಗಿದುಹೋಗುತ್ತದೆ. (ಲೆಕ್ಕ ಬೇಡವೆನ್ನುವುದಿಲ್ಲ; ಅದಕ್ಕೆ ಗುಮಾಸ್ತರನ್ನು ನೇಮಿಸಲಿ.) ಉಳ್ಳವರ ಮಗು ಹಿಂದೆಬಿದ್ದರೆ ಮನೆಪಾಠಕ್ಕೆ ಹಾಕುತ್ತಾರೆ. ನಮ್ಮ ಮಗು ಹಿಂದೆಬಿದ್ದರೆ ಐದನೆಯ ತರಗತಿಗೆ ಬಂದರೂ ಓದಲು ಬಾರದೆ, ಕೊನೆಗೆ ನಮ್ಮ ಜೊತೆಗೇ ಕೆಲಸಕ್ಕೆ ಬರುತ್ತದೆ.

2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು. ಶಾಲೆಯ ಕೆಲಸವನ್ನು ಗಮನಿಸುವ ಅಧಿಕಾರ ಆ ಸಮಿತಿಯದು. ಆದುದರಿಂದ ಮುಂದಿನ ಸಭೆಯಲ್ಲಿ ಎರಡು ಪ್ರಶ್ನೆ ಕೇಳಬೇಕೆಂದು ನಮ್ಮ ಸೂಚನೆ: ಸಿ.ಆರ್.ಪಿ.ಯವರು ಈ ಅವಧಿಯಲ್ಲಿ ಎಷ್ಟು ಸಲ ಬಂದರು? ಅದರಲ್ಲಿ ಎಷ್ಟು ಸಲ ತರಗತಿಯೊಳಗೆ ಕುಳಿತರು?

ರಾತ್ರಿ ಪಾಳಿಯವರು ಮಧ್ಯಾಹ್ನ ನಿದ್ದೆ ಮುಗಿಸಿ, ಅಂಗಡಿಯವರು ವಾರದ ರಜೆಯ ದಿನ, ತಾವೂ ಒಮ್ಮೆ ಹೋಗಿಬನ್ನಿ. ಹೋದಾಗ ಉಪಾಧ್ಯಾಯರಿಗೆ ಏನು ಬೇಕಾಗಿದೆಯೆಂದು ಕೇಳಿ ಬರೆದುಕೊಳ್ಳಿ. ಆ ಪಟ್ಟಿಯನ್ನು ನಾವೆಲ್ಲರೂ ಕೂಡಿಯೇ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಛೇರಿಗೆ ಒಯ್ಯೋಣ.