ಬಾಯಿಲ್ಲದ ಹುಳುವಿನ ಊಟ

ನಮ್ಮ ತಟ್ಟೆಯ ಅನ್ನದಲ್ಲಿರುವ ಇಂಗಾಲ ಗಾಳಿಯಿಂದ ಬಂದದ್ದು. ಹಿಡಿದಿಟ್ಟದ್ದು ಭತ್ತದ ಪೈರು, ಶಕ್ತಿ ಕೊಟ್ಟವನು ಸೂರ್ಯ. ಬಿಸಿಲೇ ಬೀಳದ ಕಡೆ?

1977ರಲ್ಲಿ ಗ್ಯಾಲಪಗೋಸ್ ದ್ವೀಪಗಳ ಬಳಿ ‘ಆಲ್ವಿನ್’ ಎಂಬ ಪುಟ್ಟ ಜಲಾಂತರ್ನೌಕೆ ಸುಮಾರು 2,500 ಮೀಟರ್ ಆಳಕ್ಕಿಳಿಯಿತು. ಸಮುದ್ರತಳದ ಬಿಸಿನೀರಿನ ಬುಗ್ಗೆ ಹುಡುಕಲು ಹೋದ ಆ ತಂಡದಲ್ಲಿ ಜೀವವಿಜ್ಞಾನಿಯೇ ಇರಲಿಲ್ಲ! ಅವರಿಗೆ ಎದುರಾದದ್ದು ಚಿಪ್ಪುಜೀವಿಗಳ ರಾಶಿ, ಬಿಳಿ ಕೊಳವೆಗಳಿಂದ ಕೆಂಪು ಗರಿ ಚಾಚಿದ ದೈತ್ಯ ಹುಳುಗಳು. ಬೆಳೆದ ಹುಳುವಿಗೆ ಬಾಯಿಲ್ಲ, ಕರುಳೂ ಇಲ್ಲ. ಹಾಗಾದರೆ ಊಟ ಹೇಗೆ?

ಉತ್ತರ 1981ರಲ್ಲಿ ಸಿಕ್ಕಿತು. ಹುಳುವಿನ ಮೈಯೊಳಗೇ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಬಿಡಾರ ಹೂಡಿವೆ ಎಂದು ತೋರಿಸಿದವರು ಕಾಲೀನ್ ಕ್ಯಾವನಾ, ಆಗಿನ್ನೂ ವಿದ್ಯಾರ್ಥಿನಿ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡನ್ನು ಹುಳುವಿನ ರಕ್ತ ಹೊತ್ತು ತರುತ್ತದೆ, ನಮಗದು ವಿಷ. ಬ್ಯಾಕ್ಟೀರಿಯಾ ಅದನ್ನು ಆಮ್ಲಜನಕದೊಂದಿಗೆ ಬೆರೆಸಿ ಶಕ್ತಿ ಪಡೆದು, ಇಂಗಾಲದ ಡೈಆಕ್ಸೈಡಿನಿಂದ ಆಹಾರ ಕಟ್ಟುತ್ತವೆ. ಹುಳು ಆ ಅಡುಗೆಯ ಪಾಲುದಾರ.

ಸೂರ್ಯನ ಹಂಗಿಲ್ಲದ ಬದುಕು ಎಂದು ಇದನ್ನು ಹೊಗಳುವುದುಂಟು. ನನಗದು ಪೂರ್ತಿ ಒಪ್ಪಿಗೆಯಿಲ್ಲ. ಅಲ್ಲಿ ಖರ್ಚಾಗುವ ಆಮ್ಲಜನಕ ಮೇಲೆ ಬಿಸಿಲುಂಡ ಹಸಿರು ಜೀವಿಗಳು ಬಿಟ್ಟದ್ದು. ತಣ್ಣನೆಯ ನೀರಿನ ಜೊತೆ ಆಳಕ್ಕಿಳಿದದ್ದು.