ನರನೋವಿನ ಮಾತ್ರೆ: ಹೆದರಿ ಬಿಡಬೇಡಿರಿ, ತಿಳಿದು ನುಂಗಿರಿ

(ರೋಗಿಗಳು ಹಾಗೂ ಅವರ ಸಂಬಂಧಿಕರಿಗಾಗಿ ಶುಶ್ರೂಷಾ ಶಿಕ್ಷಕಿ ನೀಡಿದ ಉಪನ್ಯಾಸದ ಬರಹ ರೂಪ)



ಅಂಗಾಲು ಉರಿ, ಸೂಜಿ ಚುಚ್ಚಿದಂಥ ನೋವು, ಜುಮುಜುಮು. ಬಹಳ ವರ್ಷ ಸಕ್ಕರೆ ಕಾಯಿಲೆ ಇದ್ದವರಿಗೆ ಈ ಕಷ್ಟ ಗೊತ್ತು. ಸರ್ಪಸುತ್ತಿನ ಗುಳ್ಳೆ ಒಣಗಿದ ಮೇಲೂ ಕೆಲವರಿಗೆ ತಿಂಗಳುಗಟ್ಟಲೆ ಉರಿ ಉಳಿಯುತ್ತದೆ. ಇದು ನರದ ನೋವು. ಇದಕ್ಕೆ ವೈದ್ಯರು ಹೆಚ್ಚಾಗಿ ಪ್ರೀಗ್ಯಾಬಲಿನ್ ಅಥವಾ ಗ್ಯಾಬಾಪೆಂಟಿನ್ ಬರೆಯುತ್ತಾರೆ. ಕಂಪನಿಯ ಹೆಸರು ಬೇರೆ ಬೇರೆ ಇರಬಹುದು. ಪಟ್ಟಿಯ ಮೇಲೆ ಸಣ್ಣ ಅಕ್ಷರದಲ್ಲಿ ಈ ಹೆಸರು ಇದೆಯೇ ನೋಡಿಕೊಳ್ಳಿರಿ.

"ಇದು ಫಿಟ್ಸ್ ಮಾತ್ರೆಯಂತೆ, ನನಗೇಕೆ ಕೊಟ್ಟರು?" ಎಂದು ಹಲವರು ಗಾಬರಿಯಾಗುತ್ತಾರೆ. ಫಿಟ್ಸ್‌ಗೂ ಇದನ್ನು ಕೊಡುತ್ತಾರೆ, ನಿಜ. ಮೇಲಿನ ರಬ್ಬರು ಸುಲಿದ ಕರೆಂಟಿನ ವೈರು ಕಿಡಿ ಹಾರಿಸುವಂತೆ ಕೆಟ್ಟ ನರವು ಸುಮ್ಮಸುಮ್ಮನೆ ನೋವಿನ ಸುದ್ದಿ ಕಳಿಸುತ್ತಿರುತ್ತದೆ. ಮಾತ್ರೆ ಆ ಗದ್ದಲವನ್ನು ತಗ್ಗಿಸುತ್ತದೆ. ಮೆದುಳಿನ ಮೇಲೂ ಅದೇ ಕೆಲಸ ಮಾಡುವುದರಿಂದ ಮಂಪರು ಬರುತ್ತದೆ.

ಸಾಮಾನ್ಯವಾಗಿ ಕಾಣುವ ತೊಂದರೆಗಳು

1. ತಲೆಸುತ್ತು, ಮಂಪರು, ಕಣ್ಣು ಮಂಜಾಗುವುದು. ಮೊದಲ ದಿನಗಳಲ್ಲಿ ಮತ್ತು ಪ್ರಮಾಣ ಹೆಚ್ಚಿಸಿದಾಗ ಇವು ಜಾಸ್ತಿ. ಬಹಳ ಜನರಿಗೆ ಒಂದೆರಡು ವಾರಗಳಲ್ಲಿ ಕಡಿಮೆಯಾಗುತ್ತವೆ. ಅದಕ್ಕೇ ವೈದ್ಯರು ಸಣ್ಣ ಪ್ರಮಾಣದಿಂದ, ಹೆಚ್ಚಾಗಿ ರಾತ್ರಿ ಹೊತ್ತು ಆರಂಭಿಸುತ್ತಾರೆ. ರಾತ್ರಿ ಏಳುವಾಗ ಮೊದಲು ಹಾಸಿಗೆಯ ಅಂಚಿನಲ್ಲಿ ಒಂದು ನಿಮಿಷ ಕುಳಿತು ಆಮೇಲೆ ನಿಲ್ಲಿರಿ. ಖಾನಾಪುರ, ಜಾಂಬೋಟಿ, ಕಣಕುಂಬಿ ಕಡೆ ಮಳೆಗಾಲದಲ್ಲಿ ಅಂಗಳ ಪಾಚಿಗಟ್ಟಿರುತ್ತದೆ, ಕರೆಂಟೂ ಹೋಗುತ್ತದೆ. ದಿಂಬಿನ ಹತ್ತಿರ ಬ್ಯಾಟರಿ ಇರಲಿ, ವಯಸ್ಸಾದವರ ಜೊತೆಗೆ ಒಬ್ಬರು ಇರಲಿ. ಔಷಧಿ ಮೈಗೆ ಒಗ್ಗುವ ತನಕ ಬೈಕು, ಟ್ರ್ಯಾಕ್ಟರು, ಕಬ್ಬು ಕಡಿಯುವ ಕೆಲಸ, ಹಂಚಿನ ಭಟ್ಟಿಯ ಕೆಲಸ ಬೇಡ.

2. ಕಾಲು ಬಾವು, ತೂಕ ಏರುವುದು. ವಾರಕ್ಕೊಮ್ಮೆ ತೂಕ ನೋಡಿಕೊಳ್ಳಿರಿ. ಹೃದ್ರೋಗ ಇದ್ದವರು, ಸಕ್ಕರೆಗೆ ಪಯೋಗ್ಲಿಟಾಜೋನ್ ನುಂಗುವವರು ಬಾವು ಕಂಡ ಕೂಡಲೇ ತೋರಿಸಿರಿ.

3. ಬಾಯಿ ಒಣಗುವುದು, ಮಲಬದ್ಧತೆ. ನೀರು, ಸೊಪ್ಪು, ಕಾಳು, ಜೋಳದ ರೊಟ್ಟಿ ಸಾಕಷ್ಟಿರಲಿ. ನೀರು ಅಳೆದು ಕುಡಿಯಲು ಹೇಳಿಸಿಕೊಂಡವರು ವೈದ್ಯರು ಹೇಳಿದಷ್ಟೇ ಕುಡಿಯಿರಿ.

ಒಮ್ಮೆಲೇ ಬಿಡಬೇಡಿರಿ

"ಎರಡು ದಿನ ತಲೆ ಸುತ್ತಿತು, ಬಿಟ್ಟುಬಿಟ್ಟೆ", "ನೋವು ಹೋಯಿತು, ನಿಲ್ಲಿಸಿದೆ" ಎಂಬ ಮಾತುಗಳನ್ನು ನಾವು ದಿನವೂ ಕೇಳುತ್ತೇವೆ. ಹಲವು ವಾರ ನುಂಗಿದವರು ಹಠಾತ್ತನೆ ಬಿಟ್ಟರೆ ನಿದ್ದೆ ಕೆಡುತ್ತದೆ. ಬೆವರು, ವಾಕರಿಕೆ, ಚಡಪಡಿಕೆ ಬರಬಹುದು. ಫಿಟ್ಸ್ ಸಹ ಬರಬಹುದು. ಬಿಡಬೇಕಾದರೆ ವೈದ್ಯರು ಹೇಳಿದಂತೆ ಕನಿಷ್ಠ ಒಂದು ವಾರದ ಅವಧಿಯಲ್ಲಿ ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು. ಮಳೆಯಲ್ಲಿ ಬೆಳಗಾವಿಗೆ ಬರುವುದು ಕಷ್ಟ ಎನ್ನುವವರು ಮಾತ್ರೆ ಮುಗಿಯುವುದಕ್ಕೆ ಒಂದು ವಾರ ಮೊದಲೇ ತರಿಸಿಕೊಳ್ಳಿರಿ. ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡು ನುಂಗಬೇಡಿರಿ.

ಯಾವುದರ ಜೊತೆ ಬೇಡ?

ಸಾರಾಯಿ ಬೇಡವೇ ಬೇಡ. ನಿದ್ದೆ ಮಾತ್ರೆ, ಟ್ರಮಡಾಲ್‌ನಂಥ ಬಲವಾದ ನೋವಿನ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಔಷಧಿ ಜೊತೆಯಾದರೆ ಉಸಿರಾಟವೇ ನಿಧಾನವಾಗಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2019ರಲ್ಲಿ ಈ ಎಚ್ಚರಿಕೆ ನೀಡಿದೆ. ದಮ್ಮು ಇದ್ದವರಿಗೆ, ವಯಸ್ಸಾದವರಿಗೆ ಅಪಾಯ ಹೆಚ್ಚು. ಗ್ಯಾಬಾಪೆಂಟಿನ್ ನುಂಗುವವರು ಎದೆಯುರಿಗೆ ಆಂಟಾಸಿಡ್ ಕುಡಿದರೆ ನಡುವೆ ಎರಡು ತಾಸು ಅಂತರವಿರಲಿ.

ಈ ಔಷಧಿ ಮೂತ್ರದ ಮೂಲಕ ಹೊರಹೋಗುತ್ತದೆ. ಕಿಡ್ನಿ ದುರ್ಬಲವಿದ್ದವರಿಗೆ ಪ್ರಮಾಣ ಕಡಿಮೆ ಇರಬೇಕು. ಆದ್ದರಿಂದ ನಿಮ್ಮ ಮಾತ್ರೆಯನ್ನು ಪಕ್ಕದ ಮನೆಯವರಿಗೆ ಕೊಡಬೇಡಿರಿ. ಗರ್ಭಿಣಿಯರು, ಗರ್ಭ ಬಯಸುವವರು ಮೊದಲೇ ಹೇಳಿರಿ.

ತಡಮಾಡದೆ ಬರಬೇಕಾದ ಲಕ್ಷಣಗಳು

ತುಟಿ, ನಾಲಿಗೆ, ಮುಖ ಬಾತುಕೊಂಡರೆ, ಉಸಿರು ಕಟ್ಟಿದರೆ, ಎಬ್ಬಿಸಿದರೂ ಏಳದಿದ್ದರೆ 108ಕ್ಕೆ ಕರೆ ಮಾಡಿರಿ. ಕೆಲವರಿಗೆ ಮನಸ್ಸು ಕುಗ್ಗುತ್ತದೆ, ಬದುಕು ಬೇಡ ಎನಿಸುತ್ತದೆ. ಅದು ಔಷಧಿಯಿಂದಲೂ ಆಗಬಹುದು, ಮುಚ್ಚಿಡಬೇಡಿರಿ. ವೈದ್ಯರಿಗೆ ಹೇಳಿರಿ. 14416ಕ್ಕೆ ಕರೆ ಮಾಡಿದರೆ ಉಚಿತ ಸಲಹೆ ಸಿಗುತ್ತದೆ. ಮನೆಯವರು ಅಂಥವರನ್ನು ಒಂಟಿಯಾಗಿ ಬಿಡಬೇಡಿರಿ.

ಕೊನೆಯದಾಗಿ ಒಂದು ಮಾತು. ಮಾತ್ರೆ ಉರಿಯನ್ನು ಕಡಿಮೆ ಮಾಡುತ್ತದೆ, ಸತ್ತ ಸ್ಪರ್ಶವನ್ನು ಮರಳಿ ತರುವುದಿಲ್ಲ. ಉರಿ ಹೋಯಿತೆಂದು ಕಾಲನ್ನು ಮರೆಯಬೇಡಿರಿ. ದಿನವೂ ಮಲಗುವ ಮುಂಚೆ ಅಂಗಾಲು, ಬೆರಳಸಂದು ನೋಡಿರಿ. ಬಿಸಿನೀರಿನಲ್ಲಿ ಕಾಲಿಡಬೇಡಿರಿ, ಬರಿಗಾಲಲ್ಲಿ ಹೊಲಕ್ಕೆ ಹೋಗಬೇಡಿರಿ, ಸಕ್ಕರೆ ಹತೋಟಿಯಲ್ಲಿಡಿರಿ. ಮನೆಯ ಹಿರಿಯರಿಗೆ ಮರಾಠಿ ಮಾತ್ರ ಬರುತ್ತಿದ್ದರೆ ಇದನ್ನು ಮರಾಠಿಯಲ್ಲಿ ತಿಳಿಸಿ ಹೇಳಿರಿ. ಮುಂದಿನ ಸಲ ಬರುವಾಗ ಚೀಟಿಯ ಜೊತೆಗೆ ನುಂಗುತ್ತಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿರಿ. ಎಷ್ಟು ಸಣ್ಣ ಸಂಶಯವಿದ್ದರೂ ನಮ್ಮ ದಾದಿಯರನ್ನು ಕೇಳಿರಿ.